ಎಡಗಿವಿಯ ಗುರುತು

ನಾನು ಪದವಿ ಪಡೆಯುವುದು ಆಗದ ಮಾತು ಎಂದು ಹೇಳಿದವನು ನಮ್ಮ ದೊಡ್ಡಪ್ಪ ಬೀರಪ್ಪ. ಬೈಯುತ್ತ ಹೇಳಿದ್ದರೆ ನಾನೂ ಎದುರಾಡುತ್ತಿದ್ದೆ. ಆದರೆ ಅವನು ಆಕಾಶ ನೋಡಿ ‘ಇವತ್ತ ಮಳಿ ಇಲ್ಲ’ ಎನ್ನುವಷ್ಟು ನಿರಾಳವಾಗಿ ಹೇಳಿಬಿಟ್ಟ.

“ಆಡು ಗಿಡಾ ಏರತೈತಿ. ಕುರಿ ಏರಿದ್ದು ಎಲ್ಲರ ನೋಡೀಯೇನ ಮಾಳಿ? ನಾವು ಕುರಿ ಮಂದಿ. ನೆಲದ ಮ್ಯಾಲ ಇರೂಣು.”

ಮಾಳಿ ಎಂದರೆ ನಾನು, ಮಾಳವ್ವ. ಖಾನಾಪುರ ತಾಲೂಕಿನಲ್ಲಿ ಹಲಸಿಗೆ ನಡೆದು ಹೋಗಿಬರುವಷ್ಟು ದೂರದ ಊರು ನಮ್ಮದು. ಮನೆತನದ ಕಸುಬು ಕುರಿ ಕಾಯುವುದು. ನಮ್ಮಲ್ಲಿ ಅಲ್ಲಿಯತನಕ ಹತ್ತನೆಯ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ಪಿಯುಸಿಯನ್ನೂ ದಾಟಿ, ಬೆಳಗಾವಿಗೆ ಹೋಗಿ ಐದು ವರ್ಷ ಚಿತ್ರಕಲೆ ಕಲಿತು ಪದವಿ ತರುತ್ತೇನೆಂದು ಹಟ ಹಿಡಿದಿದ್ದೆ. ಹೊಸ ಶತಮಾನ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವಂತೆ ಎಂದು ಪೇಪರಿನವರು ಹೆದರಿಸುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಕೆಟ್ಟು ನಿಂತದ್ದು ದೊಡ್ಡಪ್ಪ ಒಬ್ಬನೇ.

“ಚಿತ್ರಾ ಕಲಿಯಾಕ ಐದು ವರ್ಷ ಯಾಕ ಬೇಕ? ದೀಪಾವಳಿಗೆ ನಿಮ್ಮವ್ವ ಗ್ವಾಡೀಗೆ ಬರೀತಾಳ. ರೊಟ್ಟಿ ಹೊತ್ತೂದರಾಗ ಮುಗೀತೈತಿ.”

ಅಪ್ಪ ಅಣ್ಣನ ಮಾತಿಗೆ ಅಡ್ಡ ಮಾತಾಡಿದವನಲ್ಲ. ಸುಮ್ಮನೆ ಕುಳಿತಿದ್ದ. ಕಡೆಗೆ ಅವ್ವನ ಕಣ್ಣೀರಿಗೋ ನನ್ನ ಉಪವಾಸಕ್ಕೋ ದೊಡ್ಡಪ್ಪ ಸ್ವಲ್ಪ ಸಡಿಲಾಗಿ ಒಂದು ಕರಾರು ಹಾಕಿದ. ಒಂದು ವರ್ಷ ಹೋಗಲಿ. ಬರುವ ಬೇಸಿಗೆಗೆ ನಮ್ಮ ಹಿಂಡಿನ ಒಂದು ಕುರಿಯನ್ನು ಬಿಡಿಸಿ ತರಬೇಕು, ಯಾವ ಕುರಿ ಎಂದು ಬಾಯಿ ಬಿಡಬಾರದು. “ನಾ ಗುರ್ತ ಹಿಡದೆ ಅಂದ್ರ ಉಳದ ನಾಕು ವರ್ಷ ಕಲಿ. ಹಿಡೀಲಿಲ್ಲ ಅಂದ್ರ ಕೋಲು ತಗೊಂಡು ಹಿಂಡಿನ ಬೆನ್ನ ಹತ್ತು.”

ನನಗೆ ನಗು ಬಂತು. ಶಾಲೆಯಲ್ಲಿ ಗಣಪತಿ ಬಿಡಿಸಿ ಬಹುಮಾನ ಹೊಡೆದವಳು ನಾನು. ಯಃಕಶ್ಚಿತ್ ಒಂದು ಕುರಿ!

ಕುರಿಗಳೆಲ್ಲ ಒಂದೇ ತರ ಇರುತ್ತವೆ ಎನ್ನುವವರು ನೀವಾಗಿದ್ದರೆ ನಿಮ್ಮ ತಪ್ಪಿಲ್ಲ, ನೀವು ಪೇಟೆಯವರು. ದೊಡ್ಡಪ್ಪನಿಗೆ ಹಿಂಡಿನ ಒಂದೊಂದು ಕುರಿಯ ಮುಖವೂ ಬೇರೆ. ಸಂಜೆ ಹಟ್ಟಿಗೆ ತುಂಬುವಾಗ ಅವನು ಎಣಿಸುತ್ತಿರಲಿಲ್ಲ, ಸುಮ್ಮನೆ ನಿಂತು ನೋಡಿ “ಕರಿಮೂತಿ ಬಂದಿಲ್ಲ” ಎನ್ನುತ್ತಿದ್ದ. ಮನುಷ್ಯರ ವಿಷಯದಲ್ಲಿ ಮಾತ್ರ ಅವನ ಕಣ್ಣು ಅಷ್ಟಕ್ಕಷ್ಟೆ. ನನ್ನ ಇಬ್ಬರು ತಮ್ಮಂದಿರಲ್ಲಿ ಯಾರು ಯಾರೆಂಬುದು ಅವನಿಗೆ ಈಗಲೂ ಗೊಂದಲವೇ.

ಹೀಗೆ ಕರಾರು ಕಟ್ಟಿಕೊಂಡು ಬೆಳಗಾವಿಗೆ ಬಂದೆ. ಶಿವಬಸವ ನಗರದಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ಕೋಣೆ ಸಿಕ್ಕಿತು. ಮಾರನೆಯ ದಿನವೇ ನನ್ನ ಬದುಕಿನ ಮೊದಲನೆಯ ಆಘಾತ. ಆಮೇಲೆ ವರ್ಷವಿಡೀ ಒಂದರ ಬೆನ್ನಿಗೊಂದು ಬಂದವು. ಚಿತ್ರಕಲೆ ಎಂದರೆ ಸೌಂದರ್ಯ, ಆನಂದ ಎಂದೆಲ್ಲ ಬಲ್ಲವರು ಬರೆಯುತ್ತಾರೆ. ನನ್ನ ಅನುಭವದಲ್ಲಿ ಚಿತ್ರಕಲೆ ಕಲಿಯುವುದೆಂದರೆ ದಿನಕ್ಕೊಂದು ಸಲ ಬೆಚ್ಚಿಬೀಳುವುದು.

ನಮಗೆ ಡ್ರಾಯಿಂಗ್ ಕಲಿಸುತ್ತಿದ್ದ ಸರ್ ಮನೆಯಲ್ಲಿ ಮರಾಠಿ ಮಾತಾಡುವವರು. ಅಪ್ಪಟ ಬೆಳಗಾವಿಯವರು, ಎಂದರೆ ಅವರ ಒಂದು ಮಾತು ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯುತ್ತಿತ್ತು. “ಆಧೀ ಬಘಾ, ಮಗ ಕಾಢಾ” ಎನ್ನುವುದು ಅವರ ಮಂತ್ರ. ಮೊದಲು ನೋಡಿರಿ, ಆಮೇಲೆ ಬಿಡಿಸಿರಿ. ಮೊದಲನೆಯ ದಿನ ಅವರು ಒಂದು ಸ್ಟೂಲಿನ ಮೇಲೆ ಮಣ್ಣಿನ ಗಡಿಗೆ ಇಟ್ಟರು. ನಮ್ಮ ಖಾನಾಪುರದ ಗಡಿಗೆ. ನನಗೆ ಪರವೂರಿನಲ್ಲಿ ಸೋದರತ್ತೆ ಸಿಕ್ಕಷ್ಟು ಖುಷಿಯಾಯಿತು. ಇಂಥ ಗಡಿಗೆಯಲ್ಲಿ ನೀರು ಹೊತ್ತು ನೆತ್ತಿ ಸವೆಸಿಕೊಂಡವಳು ನಾನು, ನನಗಿಂತ ಚೆನ್ನಾಗಿ ಇದನ್ನು ಯಾರು ಬಿಡಿಸಿಯಾರು? ಹತ್ತು ನಿಮಿಷಕ್ಕೆ ಮುಗಿಸಿ ಕೈಕಟ್ಟಿ ಕುಳಿತೆ.

ಸರ್ ಬಂದು ನೋಡಿದರು. “ಬಾಯಿ ಪೂರಾ ಗುಂಡಗ ಐತಲ್ಲ, ನೀವು ಮಾಳಗೀ ಮ್ಯಾಲ ಕುಂತು ಇಣಕಿ ನೋಡಿದ್ರೇನ್ರಿ?”

“ಇಲ್ರಿ ಸರ್, ಇಲ್ಲೇ ಕುಂತೀನ್ರಿ.”

“ತಳಾ ಸಪಾಟ ಐತಿ. ಇದನ್ನ ನೆಲದ ಮ್ಯಾಲ ಮಕ್ಕೊಂಡು ನೋಡಿದ್ರೇನ್ರಿ?”

ಕ್ಲಾಸು ನಕ್ಕಿತು. ನಾನು ಸುಮ್ಮನಿರದೆ ವಾದಿಸಿದೆ. ಬಾಯಿ ಗುಂಡಗಿರದಿದ್ದರೆ ತುಂಬುವಾಗ ನೀರು ಹೊರಗೆ ಚೆಲ್ಲುತ್ತದೆ, ತಳ ಸಪಾಟ ಇರದಿದ್ದರೆ ಗಡಿಗೆ ಉರುಳುತ್ತದೆ ಎಂದೆ. ಸರ್ ನಗಲಿಲ್ಲ. “ಖರೇ ಐತಿ. ನೀವು ನೀರು ತರಾಕ ಗಡಿಗಿ ಬಿಡಿಸೀರಿ. ನಾ ನೋಡಾಕ ಬಿಡಸ್ರಿ ಅಂದಿದ್ದೆ.” ನಾನು ಬಿಡಿಸಿದ್ದು ನನಗೆ ಗೊತ್ತಿದ್ದ ಗಡಿಗೆಯನ್ನು, ಎದುರಿಗಿದ್ದ ಗಡಿಗೆಯನ್ನಲ್ಲ. ಎದುರಿಗಿದ್ದ ಗಡಿಗೆಯ ಬಾಯಿ ಬಾದಾಮಿಯ ಹಾಗೆ ಚಪ್ಪಟೆಯಾಗಿತ್ತು, ತಳ ಬಾಗಿತ್ತು. ಹದಿನೆಂಟು ವರ್ಷ ನೀರು ಕುಡಿದೂ ಅದನ್ನು ನಾನು ನೋಡಿರಲಿಲ್ಲ.

ಆ ಆಘಾತ ಇಳಿಯುವ ಮೊದಲೇ ಇನ್ನೊಂದು ಬಂತು. “ಈ ಗಡಿಗಿಗೆ ಸುತ್ತಲೂ ಗೆರಿ ಎಳದೀರಿ. ಅದು ಎಲ್ಲೈತಿ, ಕೈಲೆ ಮುಟ್ಟಿ ತೋರಸ್ರಿ.” ಹೋಗಿ ಗಡಿಗೆಯ ಅಂಚು ಮುಟ್ಟಲು ನೋಡಿದೆ. ನಾನು ಈ ಕಡೆ ಸರಿದರೆ ಅಂಚೂ ಈ ಕಡೆ ಸರಿಯಿತು. ಆ ಕಡೆ ಹೋದರೆ ಆ ಕಡೆ. ಗಡಿಗೆಯ ಸುತ್ತ ಪ್ರದಕ್ಷಿಣೆ ಹಾಕಿದರೂ ಗೆರೆ ಕೈಗೆ ಸಿಗಲಿಲ್ಲ. ಗಡಿಗೆ ಮುಗಿದು ಗೋಡೆ ಶುರುವಾಗುವ ಜಾಗವನ್ನೇ ನಾವು ಗೆರೆ ಎನ್ನುತ್ತೇವೆ, ಲೋಕದಲ್ಲಿ ಗೆರೆ ಎಂಬುದೇ ಇಲ್ಲ ಎಂದರು ಸರ್. ಗೆರೆ ಎಳೆದೇ ಬಹುಮಾನ ಗೆದ್ದವಳಿಗೆ ಗೆರೆಯೇ ಇಲ್ಲ ಎಂದರೆ ಹೇಗಿರಬೇಡ? ನನ್ನ ಗಣಪತಿಯೂ ಕೈಬಿಟ್ಟ ಹಾಗಾಯಿತು.

ನೆರಳಿನ ಪಾಠ ಇನ್ನೂ ಕಷ್ಟದ್ದು. ನೆರಳು ಎಂದರೆ ಕಪ್ಪು ಎಂದು ನಂಬಿ ಮೆತ್ತನೆಯ ಪೆನ್ಸಿಲಿನಿಂದ ಕಾಗದ ಹರಿಯುವಂತೆ ತಿಕ್ಕಿದೆ. ಸರ್ ನನ್ನ ಪಕ್ಕದಲ್ಲಿ ಕುಳಿತು ಗಡಿಗೆಯ ಕತ್ತಲೆಯ ಬದಿಯ ತೀರ ಕೊನೆಯಲ್ಲಿ ಒಂದು ಮಸುಕು ಬೆಳಕಿನ ಎಳೆ ತೋರಿಸಿದರು. ಸ್ಟೂಲಿನ ಹಲಗೆಗೆ ಬಿದ್ದ ಬೆಳಕು ಎದ್ದು ಗಡಿಗೆಯ ಹೊಟ್ಟೆಗೆ ತಗುಲಿದ್ದು. ನೆರಳಿನೊಳಗೂ ಇಷ್ಟು ಬೆಳಕು! ಅದನ್ನು ಬಿಡದೆ ಕಪ್ಪು ತುಂಬಿದರೆ ಗಡಿಗೆ ಉಬ್ಬುವುದಿಲ್ಲ, ದೋಸೆಯ ಹಾಗೆ ಕಾಗದಕ್ಕೆ ಅಂಟಿಕೊಳ್ಳುತ್ತದೆ.

ಒಂದು ದಿನ ಕುರ್ಚಿ ಇಟ್ಟು, ಕುರ್ಚಿಯನ್ನು ಬಿಡಿಸಬೇಡಿರಿ, ಅದರ ಕಾಲುಗಳ ನಡುವಿನ ಖಾಲಿ ಜಾಗಗಳನ್ನು ಬಿಡಿಸಿರಿ ಎಂದರು. ಈ ಮನುಷ್ಯನಿಗೆ ಏನೋ ಆಗಿದೆ ಎಂದುಕೊಂಡೆ. ಆದರೆ ಒಂದೊಂದೇ ಖಾಲಿ ತುಂಡನ್ನು ಅದರ ಆಕಾರದಂತೆ ಬಿಡಿಸುತ್ತ ಹೋದ ಹಾಗೆ ಕುರ್ಚಿ ತಾನಾಗಿಯೇ ಬಂದು ನಿಂತಿತು. ನಾನೇ ಬಿಡಿಸಿದ್ದನ್ನು ನಾನೇ ಬೆರಗಾಗಿ ನೋಡಿದೆ. ಆ ಸಂಜೆ ಕೋಣೆಗೆ ನಡೆದು ಹೋಗುವಾಗ ಯಾಕೋ ಅಪ್ಪನ ನೆನಪಾಯಿತು. ಕರಾರಿನ ದಿನ ಅಪ್ಪ ಸುಮ್ಮನಿದ್ದ, ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ ಎಂದು ಸಿಟ್ಟಿತ್ತು. ಅವನು ‘ಬ್ಯಾಡ’ ಎಂದೂ ಅಂದಿರಲಿಲ್ಲ. ನಾನು ಹತ್ತಿದ ಬೆಳಗಾವಿಯ ಬಸ್ಸು ಆ ಖಾಲಿ ಜಾಗದಲ್ಲಿ ಹಾದು ಬಂದದ್ದು.

ಕಣ್ಣಿಗೆ ಇಷ್ಟೆಲ್ಲ ಆದ ಮೇಲೆ ಊರಿಗೆ ಹೋದರೆ ಸುಮ್ಮನಿರಲಾದೀತೆ? ಅವ್ವ ಊಟಕ್ಕೆ ಬಡಿಸಿದರೆ ತಾಟು ಬಾದಾಮಿಯಾಗಿ ಕಂಡಿತು. ರೊಟ್ಟಿ ತುತ್ತು ಕೈಯಲ್ಲಿ ಹಿಡಿದು, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ತಾಟು ನೋಡುತ್ತ ಕುಳಿತೆ. ಅವ್ವ ಗಾಬರಿಯಾದಳು. “ಯವ್ವಾ, ಇದರ ಕಣ್ಣ ಹೋದವು! ಕಲಿಯಾಕ ಕಳಿಸಿದ್ರ ಕಣ್ಣ ಕಳಕೊಂಡು ಬಂತು!” ದೊಡ್ಡಪ್ಪ ಹೊರಗಿನಿಂದಲೇ ಕೂಗಿದ: “ಇನ್ನ ಏಳು ತಿಂಗಳಾ ಐತಿ. ಕುರಿ ಕಾಯಾಕ ಒಂದು ಕಣ್ಣ ಸಾಕು.”

ಒಂದು ಕಣ್ಣು ಎಂದೆನಲ್ಲ, ಅದರ ಕತೆಯೂ ಇದೆ. ದೂರದ ವಸ್ತುವಿನ ಅಳತೆ ತೆಗೆಯಲು ಚಿತ್ರಗಾರರು ಪೆನ್ಸಿಲನ್ನು ಕೈ ನೀಳ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮೇಲೆ ಕೆಳಗೆ ಸರಿಸುತ್ತಾರೆ. ಮನೆಯ ಎತ್ತರ ಪೆನ್ಸಿಲಿನಲ್ಲಿ ಇಷ್ಟು, ಗಿಡದ ಎತ್ತರ ಅದರ ಎರಡು ಪಟ್ಟು, ಹೀಗೆ. ಮೊಣಕೈ ಮಡಚಿದರೆ ಲೆಕ್ಕವೆಲ್ಲ ಕೆಟ್ಟಿತು. ಇದನ್ನು ರೂಢಿ ಮಾಡಲು ಸರ್ ನಮ್ಮನ್ನು ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿಗೆ ಕರೆದೊಯ್ದರು. ಅಲ್ಲಿಯ ಹಳೆಯ ಬಂಗಲೆಗಳು, ದೊಡ್ಡ ಗಿಡಗಳು, ಚರ್ಚಿನ ಗೋಪುರ ಇವೆಲ್ಲ ಅಳೆಸಿಕೊಳ್ಳಲೆಂದೇ ನಿಂತಂತಿರುತ್ತವೆ. ನಾನು ಒಂದು ಬಂಗಲೆಯ ಕಂಬ ಆರಿಸಿಕೊಂಡು ಕೈ ಚಾಚಿದೆ, ಕಣ್ಣು ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಕಂಬದ ಬಾಜು ಒಬ್ಬ ಯಜಮಾನರು ಪೇಪರ್ ಓದುತ್ತ ಕುಳಿತದ್ದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಹತ್ತು ನಿಮಿಷಕ್ಕೆ ಅವರ ಹೆಂಡತಿ ಗೇಟಿಗೆ ಬಂದರು. “ಏನವಾ, ನಾಚಿಕಿ ಆಗೂದಿಲ್ಲೇನ? ನಮ್ಮ ಮನಿಯವರಿಗೆ ಕಣ್ಣ ಹೊಡ್ಯಾಕತ್ತಿಯಲ್ಲ!” ಪೆನ್ಸಿಲು ಬಿಟ್ಟು ಓಡಿದೆ. ಸರ್ ಹೋಗಿ ಕ್ಷಮೆ ಕೇಳಿ, ಕಲೆಯ ಬಗ್ಗೆ ಎರಡು ಭಾಷೆಯಲ್ಲಿ ಭಾಷಣ ಮಾಡಿ ಬಂದರು. ಯಜಮಾನರಿಗೆ ಮಾತ್ರ ಅಂದು ಸ್ವಲ್ಪ ನಿರಾಸೆಯೇ ಆದ ಹಾಗಿತ್ತು.

ಆದರೆ ನನಗೆ ನಿಜವಾದ ಧಕ್ಕೆ ತಟ್ಟಿದ್ದು ವಾಪಸು ಬರುವ ದಾರಿಯಲ್ಲಿ. ಹೀಗೆ ಕೈ ನೀಳ ಚಾಚಿ ಒಂದು ಕಣ್ಣು ಮುಚ್ಚಿ ನಿಲ್ಲುವವನನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆನಲ್ಲ! ದೊಡ್ಡಪ್ಪ ಗುಡ್ಡದ ಮೇಲೆ ನಿಂತು ತನ್ನ ಕೋಲನ್ನು ಹೀಗೇ ಚಾಚುತ್ತಿದ್ದ. ಹಿಂಡು ಎಷ್ಟು ದೂರ ಹೋಗಿದೆ, ಕತ್ತಲಾಗುವುದರೊಳಗೆ ತಿರುಗಿಸಿ ತರಬಹುದೋ ಇಲ್ಲವೋ ಎಂದು ಕೋಲಿನ ತುದಿಗೆ ಒಂದು ಕುರಿ ಕೂರಿಸಿ ಅಳೆಯುತ್ತಿದ್ದ. ಎಳೆಯರಾದ ನಾವು ಬೆನ್ನ ಹಿಂದೆ ಅಣಕಿಸುತ್ತಿದ್ದೆವು. ಇದನ್ನೇ ಕಲಿಯಲು ನಾನು ಇಷ್ಟೆಲ್ಲ ರಂಪ ಮಾಡಿ ಊರು ಬಿಟ್ಟು ಬಂದಿದ್ದೆ. ಈ ವಿಷಯ ದೊಡ್ಡಪ್ಪನಿಗೆ ಹೇಳಬಾರದೆಂದು ಆಗಲೇ ನಿರ್ಧರಿಸಿದೆ. ಹೇಳಿದರೆ ಉಳಿದ ನಾಲ್ಕು ವರ್ಷ ಯಾಕೆ ಎಂದಾನು.

ಇನ್ನೊಂದು ಪ್ರವಾಸ ನಮ್ಮ ಹಲಸಿಗೇ ಆಯಿತು. ಕದಂಬರ ಕಾಲದಷ್ಟು ಹಳೆಯ ಗುಡಿಗಳಿರುವ ಊರು. ಗೆಳತಿಯರ ಮುಂದೆ ನಾನು ಮನೆಯೊಡತಿಯ ಗತ್ತಿನಲ್ಲಿ ನಡೆದೆ. ಅಲ್ಲಿಯ ದೊಡ್ಡ ಗುಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಎಷ್ಟು ಸಲ ರೊಟ್ಟಿ ತಿಂದಿದ್ದೆನೋ. ಗೋಡೆಯ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಿತ್ತು, ಅದರಲ್ಲಿ ಕುರಿ ಮಲಗಿಸುತ್ತಿದ್ದೆವು. “ಈ ಗುಡಿಯ ಶಿಖರಕ್ಕೆ ಎಷ್ಟು ಅಂತಸ್ತು? ನೋಡದೆ ಹೇಳ್ರಿ” ಎಂದರು ಸರ್. ನಾನು ಎಂದೂ ಕತ್ತೆತ್ತಿ ನೋಡಿರಲಿಲ್ಲ. ಆ ಶಿಖರ ಕಟ್ಟಿದ ಕಲ್ಲುಕುಟಿಗನ ಹತ್ತಿರ ಮೆತ್ತನೆ ಪೆನ್ಸಿಲು, ಗಟ್ಟಿ ಪೆನ್ಸಿಲು ಎಂಬ ಭೇದ ಇರಲಿಲ್ಲ. ಅವನು ಕಲ್ಲನ್ನು ಒಂದಿಷ್ಟು ಒಳಗೆ ಸರಿಸಿದ, ಒಂದಿಷ್ಟು ಹೊರಗೆ ಬಿಟ್ಟ. ನೆರಳು ಬಿಡಿಸುವ ಕೆಲಸವನ್ನು ಸೂರ್ಯನಿಗೇ ವಹಿಸಿ ಹೋದ. ಸೂರ್ಯ ಇಂದಿಗೂ ಬೆಳಗ್ಗೆ ಒಂದು ತರ, ಸಂಜೆ ಒಂದು ತರ ಶೇಡಿಂಗ್ ಮಾಡುತ್ತಿದ್ದಾನೆ, ಒಂದು ದಿನವೂ ರಜೆ ಹಾಕಿಲ್ಲ. ನಾನು ಮಾತ್ರ ಕೆಳಗೆ ಕುಳಿತು ರೊಟ್ಟಿ ತಿಂದಿದ್ದೆ.

ಸರ್ ಕಲಿಸಿದ ಇನ್ನೊಂದು ಸಣ್ಣ ಉಪಾಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಚಿತ್ರ ಮುಗಿದ ಮೇಲೆ ಅದನ್ನು ಕನ್ನಡಿಯಲ್ಲಿ ನೋಡಬೇಕು. ನಮ್ಮ ತಪ್ಪು ನಮ್ಮ ಕಣ್ಣಿಗೆ ರೂಢಿಯಾಗಿ ಹೋಗಿರುತ್ತದೆ. ಕನ್ನಡಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ತಿರುಗಿದ ಕೂಡಲೇ ವಾಲಿದ ಮೂಗು, ಇಳಿದ ಭುಜ ತಾವಾಗಿಯೇ ಕೂಗಿ ಕರೆಯುತ್ತವೆ. ಹಾಗಾಗಿ ಚೀಲದಲ್ಲಿ ಸದಾ ಒಂದು ಕೈಗನ್ನಡಿ ಇಟ್ಟುಕೊಂಡಿರುತ್ತಿದ್ದೆ. ಬಾಡಿಗೆಮನೆಯ ಅಜ್ಜಿ ಅದನ್ನು ನೋಡಿ, ಬೆಳಗಾವಿಯ ಗಾಳಿ ತಾಗಿತು ಹುಡುಗಿಗೆ ಎಂದು ನಿಟ್ಟುಸಿರು ಬಿಟ್ಟಿದ್ದಳು.

ಬೇಸಿಗೆ ಬಂತು. ಕರಾರಿಗೆ ನಾನು ಆರಿಸಿಕೊಂಡದ್ದು ಬೂದಿ ಎಂಬ ಕುರಿಯನ್ನು. ಹೆಸರಿನಂತೆ ಬೂದಿ ಬಣ್ಣ, ತಿದ್ದಿದಂಥ ಮೂತಿ. ಶಿವರಾತ್ರಿಯ ರಜೆಯಲ್ಲಿ ಊರಿಗೆ ಹೋದಾಗ ತೆಳ್ಳನೆಯ ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಿಂದ ಅದರ ಕರಡು ತೆಗೆದುಕೊಂಡಿದ್ದೆ. ಎಡಕ್ಕೆ ಮುಖ ಮಾಡಿ ನಿಂತ ಕುರಿ. ಎದುರಿಗಿದ್ದದ್ದು ಅದರ ಎಡಗಿವಿ, ಆ ಕಿವಿಯ ತುದಿಯಲ್ಲಿ ಒಂದು ಕಚ್ಚು. ಅದು ನಮ್ಮ ಮನೆಯ ಗುರುತು. ಮರಿ ಹುಟ್ಟಿದ ಕೆಲವು ದಿನಕ್ಕೆ ಎಡಗಿವಿಯ ತುದಿಯನ್ನು ಒಂದಿಷ್ಟು ಕೊಯ್ದು ಬೂದಿ ಹಚ್ಚಿಬಿಡುತ್ತಾರೆ. ಹಳ್ಳದ ಆಚೆಯ ಸಿದ್ದಪ್ಪನ ಮನೆಯವರದು ಬಲಗಿವಿ. ಹಿಂಡುಗಳು ಕಲೆತು ಹೋದಾಗ ಯಾರ ಕುರಿ ಯಾರದೆಂದು ಹೇಳುವುದು ಆ ಕಚ್ಚು ಒಂದೇ.

ಕರಡನ್ನು ಬೆಳಗಾವಿಗೆ ತಂದೆ. ಒಳ್ಳೆಯ ದಪ್ಪ ಹಾಳೆಯ ಮೇಲೆ ಮತ್ತೆ ಮೊದಲಿನಿಂದ ಬಿಡಿಸುವ ಬದಲು ಸೋಮಾರಿತನ ಮಾಡಿದೆ. ಕರಡನ್ನು ಹಾಳೆಯ ಮೇಲೆ ಬೋರಲು ಹಾಕಿ ಬೆನ್ನ ಮೇಲೆ ಚಮಚದಿಂದ ತಿಕ್ಕಿದೆ. ಪೆನ್ಸಿಲಿನ ಪುಡಿ ಹಾಳೆಗೆ ಅಂಟಿ ಕುರಿ ಅಚ್ಚಾಯಿತು. ಮುಖ ಈಗ ಬಲಕ್ಕೆ ತಿರುಗಿತ್ತು, ಅದು ಗೊತ್ತಾಯಿತು. ಅದಕ್ಕೇನು, ಕುರಿ ಯಾವ ಕಡೆಗಾದರೂ ನೋಡಲಿ ಎಂದುಕೊಂಡೆ. ಆಮೇಲೆ ಒಂದು ತಿಂಗಳು ಕೋಣೆಯಲ್ಲಿ ಕುಳಿತು ಉಣ್ಣೆಯ ಒಂದೊಂದು ಸುರುಳಿ, ಕಣ್ಣಿನ ಹೊಳಪು, ಹೊಟ್ಟೆಯ ಕೆಳಗಿನ ನೆರಳಿನೊಳಗಿನ ಬೆಳಕು ಎಲ್ಲ ತುಂಬಿದೆ. ಗೆಳತಿಯರು ಕುರಿ ಈಗ ಬ್ಯಾ ಎನ್ನುತ್ತದೆ ನೋಡು ಎಂದರು. ನನಗೂ ಹಾಗೇ ಅನಿಸಿತ್ತು.

ಸಣ್ಣ ರಜೆಗೆ ಊರಿಗೆ ಬಂದು, ಹಟ್ಟಿಯ ಮುಂದೆ, ಅಪ್ಪ ಅವ್ವ ತಮ್ಮಂದಿರ ಎದುರಿಗೆ, ದೊಡ್ಡಪ್ಪನ ಕೈಗೆ ಚಿತ್ರ ಕೊಟ್ಟೆ. ಅವನು ಕೈ ಚಾಚಿ ಹಿಡಿದ. ಒಂದು ಕಣ್ಣು ಮುಚ್ಚಿದ. ಅವನ ಮುಖ ಒಮ್ಮೆಲೇ ಕಪ್ಪಿಟ್ಟಿತು.

“ಏ ಮಾಳಿ. ಸಿದ್ದಪ್ಪನ ಕುರಿ ನಿನ್ನ ಕೈಗೆ ಹೆಂಗ ಬಂತು?”

 “ಸಿದ್ದಪ್ಪಂದಲ್ಲೋ ದೊಡ್ಡಪ್ಪಾ, ನಮ್ಮದ!”

“ಗುರ್ತ ಬಲಗಿವಿಗೆ ಐತಿ. ಹ್ವಾದ ವರ್ಷ ಎರಡು ಕುರಿ ಕಲತು ಪಂಚರ ಮುಂದ ನಿಂತು ಬಂದೀನಿ. ಈಗ ನೀ ಅವನ ಕುರಿ ಕಾಗದದ ಮ್ಯಾಲ ಹೊಡಕೊಂಡು ಬಂದೀ? ಮಂದಿ ಏನಂತಾರ? ಬೀರಪ್ಪನ ಮನ್ಯಾಗ ಕಳ್ಳರು ಅದಾರ ಅಂತಾರ!”

ತಮಾಷೆ ಮಾಡುತ್ತಿದ್ದಾನೆಂದು ಮುಖ ನೋಡಿದೆ. ಇಲ್ಲ. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಉಣ್ಣೆಯ ಸುರುಳಿ, ಕಣ್ಣಿನ ಹೊಳಪು ಯಾವುದೂ ಯಾರಿಗೂ ಕಾಣಲಿಲ್ಲ. ಒಂದು ಚಮಚದ ತಿಕ್ಕಾಟದಲ್ಲಿ ನಾನು ಮನೆಯ ಕುರಿಯನ್ನು ಹಳ್ಳದ ಆಚೆಗೆ ದಾಟಿಸಿಬಿಟ್ಟಿದ್ದೆ.  ನಾಲ್ಕು ವರ್ಷ ಹೋದವು, ಕೋಲು ಬಂತು ಎಂದೇ ಅಂದುಕೊಂಡೆ.

ಆಗ ಕನ್ನಡಿ ನೆನಪಾಯಿತು. ಚೀಲದಿಂದ ತೆಗೆದು ಚಿತ್ರದ ಎದುರಿಗೆ ಹಿಡಿದೆ. “ಇದರಾಗ ನೋಡು, ದೊಡ್ಡಪ್ಪಾ.” ಕನ್ನಡಿಯೊಳಗೆ ಕುರಿ ಎಡಕ್ಕೆ ತಿರುಗಿತು, ಕಚ್ಚು ಎಡಗಿವಿಗೆ ಬಂತು. ದೊಡ್ಡಪ್ಪ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೆ ಹತ್ತಿರ ಬಂದು ಕನ್ನಡಿಯ ಹಿಂದೆ ಕೈ ಹಾಕಿ ತಡವಿ ನೋಡಿದ.

“ಬೂದಿ!” ಎಂದ.

ಗೆದ್ದೆ ಎಂದು ನಾನು ಕುಣಿಯುವುದರೊಳಗೆ ಅವನೇ ತಡೆದ. “ಕನ್ನಡ್ಯಾಗ ನಮ್ಮದು, ಕಾಗದದಾಗ ಅವರದು. ಕುರಿ ಮಾರೂ ಮುಂದ ಸಂತ್ಯಾಗ ಕನ್ನಡಿ ಹಿಡಕೊಂಡು ನಿಂದರ್ಲೇನ? ಹೆಂಗ ಆತಿದು?” ಚಮಚದ ಕತೆ ಒಪ್ಪಿಕೊಂಡೆ. ಅವನು ಚಿತ್ರವನ್ನು ನನ್ನ ಕೈಗೇ ವಾಪಸು ಕೊಟ್ಟ. “ಒಂದು ತಿಂಗಳಾ ಕಾಗದಾ ನೋಡೀಯಲ್ಲ, ಒಂದ ದಿನಾನರ ಕುರಿ ನೋಡೀಯೇನ? ಕುರಿ ಹಟ್ಯಾಗ ಐತಿ, ನೀ ಬೆಳಗಾವ್ಯಾಗ ಕುಂತು ಯಾರನ್ನ ಬಿಡಿಸಿದಿ?”

ಆಧೀ ಬಘಾ, ಮಗ ಕಾಢಾ. ಮರಾಠಿಯಲ್ಲಿ ಒಂದು ವರ್ಷ ಕೇಳಿದ್ದನ್ನು ಅವತ್ತು ಕನ್ನಡದಲ್ಲಿ ಬೈಸಿಕೊಂಡೆ.

ರಜೆ ಇನ್ನೂ ನಾಲ್ಕು ದಿನ ಉಳಿದಿತ್ತು. ಇನ್ನೊಂದು ಸಲ ಬಿಡಿಸುತ್ತೇನೆ ಎಂದು ಗೋಗರೆದೆ. ಅಪ್ಪ ಒಮ್ಮೆ ಕೆಮ್ಮಿದ.  ದೊಡ್ಡಪ್ಪ ಅಪ್ಪನ ಕಡೆ ನೋಡಿ, “ಆತು, ನಾಕು ದಿನಾ” ಎಂದ.

ಹಟ್ಟಿಯ ಮೂಲೆಯಲ್ಲಿ ಹಲಗೆ ತೊಡೆಯ ಮೇಲಿಟ್ಟು ಕುಳಿತೆ. ಗಡಿಗೆ ಒಂದು ಕಡೆ ನಿಲ್ಲುತ್ತದೆ, ಕುರಿ ನಿಲ್ಲುವುದಿಲ್ಲ. ಕಾಲು ಬಿಡಿಸುವುದರೊಳಗೆ ಮಲಗುತ್ತದೆ, ಮಲಗಿದ್ದು ಬಿಡಿಸುವುದರೊಳಗೆ ಎದ್ದು ನನ್ನ ಹಾಳೆಯ ಮೂಲೆ ತಿನ್ನಲು ಬರುತ್ತದೆ. ಎರಡು ದಿನ ಕಾಗದ ಹಾಳಾದದ್ದೇ ಬಂತು. ಮೂರನೆಯ ದಿನ ಸಾಕೆನಿಸಿ ಪೆನ್ಸಿಲು ಕೆಳಗಿಟ್ಟು ಸುಮ್ಮನೆ ನೋಡಿದೆ. ನೋಡುತ್ತ ನೋಡುತ್ತ ಬೂದಿ ಎಲ್ಲಿ ಭಾರ ಊರುತ್ತದೆ, ಏಳುವಾಗ ಯಾವ ಕಾಲು ಮೊದಲು, ಬೆನ್ನು ಎಲ್ಲಿ ತಗ್ಗುತ್ತದೆ ಎಂಬುದು ಕಣ್ಣಿಗೆ ಹತ್ತತೊಡಗಿತು. ದೊಡ್ಡಪ್ಪ ಆಗಾಗ ಬಂದು ಹಿಂದೆ ನಿಂತು “ಕುತಿಗಿ ಇಷ್ಟ ಉದ್ದ ಇದು ಒಂಟೀಯೇನ?” ಎಂದು ಚುಚ್ಚಿ ಹೋಗುತ್ತಿದ್ದ. ಸರ್ ಕೂಡ ಹೀಗೇ ಚುಚ್ಚುತ್ತಿದ್ದರು. ನಾಲ್ಕನೆಯ ದಿನ, ಬೂದಿ ಎಡಕ್ಕೆ ಮುಖ ಮಾಡಿ ನಿಂತಾಗ, ಕೈ ತಾನೇ ಓಡಿತು. ಸುರುಳಿ ಇಲ್ಲ, ಹೊಳಪಿಲ್ಲ, ಕಾಲು ಗಂಟೆಯ ಒರಟು ಗೀಚು. ಒಂದು ಮೂಲೆಯಲ್ಲಿ ಕುರಿ ಕಚ್ಚಿದ ಗುರುತು.

ದೊಡ್ಡಪ್ಪ ಹತ್ತು ಮಾರು ದೂರ ನಿಂತಿದ್ದ. ನಾನು ಹಾಳೆ ಎತ್ತಿ ಹಿಡಿದೆ. ಅಲ್ಲಿಂದಲೇ ಕೋಲು ಚಾಚಿದ.

“ಅದು ಬೂದಿ” ಎಂದ. ಸ್ವಲ್ಪ ತಡೆದು, “ಗಬ್ಬ ಆಗೇತಿ ಅನ್ನೂದನ್ನೂ ಬಿಡಿಸೀಯಲ್ಲ ಮಾಳಿ! ನಾ ಇನ್ನ ಯಾರಿಗೂ ಹೇಳಿಲ್ಲ. ನಿನಗ ಯಾರ ಹೇಳಿದ್ರು?”

ನನಗೆ ಯಾರೂ ಹೇಳಿರಲಿಲ್ಲ. ಬೂದಿ ಗಬ್ಬವಾಗಿರುವುದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯ ಗೆರೆ, ಇಲ್ಲದ ಆ ಗೆರೆ, ಸ್ವಲ್ಪ ಕೆಳಗಿಳಿದು ಕಂಡಿತ್ತು, ಕಂಡ ಹಾಗೆ ಎಳೆದಿದ್ದೆ. ಗೊತ್ತಿದ್ದದ್ದನ್ನು ಬಿಡಿಸಿ ಗಡಿಗೆ ಕೆಡಿಸಿದವಳು, ಗೊತ್ತಿಲ್ಲದ್ದನ್ನು ಬರೀ ನೋಡಿ ಬಿಡಿಸಿದ್ದೆ. ವರ್ಷವಿಡೀ ಬಿದ್ದ ಆಘಾತಗಳಲ್ಲಿ ಇದೇ ದೊಡ್ಡದು.   ಮಾರನೆಯ ದಿನ ದೊಡ್ಡಪ್ಪ ನನ್ನ ಟ್ರಂಕನ್ನು ತಾನೇ ಹೊತ್ತು ಬಸ್ಸಿನ ಮೇಲಿಟ್ಟ.

ಉಳಿದ ನಾಲ್ಕು ವರ್ಷದ ಕತೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಬಣ್ಣ ಬಂತು, ಮನುಷ್ಯರ ಮುಖಗಳು ಬಂದವು, ಒಂದು ಪೇಪರಿನಲ್ಲಿ ನಪಾಸಾಗಿ ಮತ್ತೆ ಕಟ್ಟಿದ್ದೂ ಆಯಿತು. ಈಗ ನಾನೇ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಹೊಸದಾಗಿ ಬಂದ ಮಕ್ಕಳ ಮುಂದೆ ಮೊದಲನೆಯ ದಿನ ಗಡಿಗೆ ಇಟ್ಟು, ಅವರು ಪೂರಾ ಗುಂಡನೆಯ ಬಾಯಿ ಬಿಡಿಸುವುದನ್ನು ಕಾಯುತ್ತ ಕೂರುತ್ತೇನೆ. ಒಬ್ಬರೂ ನಿರಾಸೆ ಮಾಡಿಲ್ಲ.

ಪದವಿ ಕೊಡುವ ದಿನ ಮನೆಯವರೆಲ್ಲ ಬೆಳಗಾವಿಗೆ ಬಂದಿದ್ದರು. ದೊಡ್ಡಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬಾಗಿಲಲ್ಲಿ ಕೋಲು ಬಿಟ್ಟು ಬರಬೇಕೆಂದದ್ದಕ್ಕೆ ಮುನಿದು, ಹಿಂದಿನ ಸಾಲಿನಲ್ಲಿ ಕುಳಿತಿದ್ದ. ವೇದಿಕೆಯಿಂದ ಇಳಿದು ಬಂದ ನಾನು ಪ್ರಮಾಣಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅಣ್ಣನ ಕಡೆ ದಾಟಿಸಿದ. ದೊಡ್ಡಪ್ಪ ಕೈ ನೀಳ ಚಾಚಿ ಹಿಡಿದ. ಒಂದು ಕಣ್ಣು ಮುಚ್ಚಿದ. ಬಲಮೂಲೆ ನೋಡಿದ, ಎಡಮೂಲೆ ನೋಡಿದ. ಎಡಮೂಲೆಯಲ್ಲಿ ಒತ್ತಿದ ಗುಂಡನೆಯ ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟು ಕೇಳಿದ:

“ಇದನ್ನೂ ಚಮಚೀಲೆ ತಿಕ್ಕಿ ತಗದಿಲ್ಲ, ಹೌದಿಲ್ಲೋ?”

“ಇಲ್ಲೋ ದೊಡ್ಡಪ್ಪಾ.”

“ಗುರ್ತ ಎಡಕ್ಕ ಐತಿ. ಹಂಗಾರ ನಮ್ಮದ.”